ಗಾಜು ಮತ್ತು ಕಾಗದದ ಪ್ಯಾಕೇಜಿಂಗ್‌ಗೆ ತಯಾರಕರ ಹೊಣೆ: ಹಣ ಯಾರ ಕೈ ಸೇರಬೇಕು?

ಬಸವನಗುಡಿಯ ಓದುಗ (ಚರ್ಚೆಯ ಆರಂಭ)

ಕೇಂದ್ರ ಪರಿಸರ ಸಚಿವಾಲಯವು 2024ರ ಡಿಸೆಂಬರ್‌ನಲ್ಲಿ ಒಂದು ಕರಡು ನಿಯಮಾವಳಿಯನ್ನು ಪ್ರಕಟಿಸಿತು. ಕಾಗದ, ಗಾಜು ಮತ್ತು ಲೋಹದ ಪ್ಯಾಕೇಜಿಂಗ್ ಹಾಗೂ ನೈರ್ಮಲ್ಯ ಉತ್ಪನ್ನಗಳನ್ನು ಮಾರುಕಟ್ಟೆಗೆ ಬಿಡುವವರೇ ಅವು ಕಸವಾದ ಮೇಲಿನ ಹೊಣೆಯನ್ನೂ ಹೊರಬೇಕು ಎಂಬುದು ಅದರ ತಿರುಳು. ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಜಾರಿಯ ದಿನ 2026ರ ಏಪ್ರಿಲ್ 1 ಎಂದು ಕರಡಿನಲ್ಲಿಯೇ ಇತ್ತು. ಪ್ಲಾಸ್ಟಿಕ್ಕಿನ ಬಗ್ಗೆ ಹತ್ತು ವರ್ಷಗಳಿಂದ ಮಾತನಾಡುತ್ತಿರುವ ನಾವು ಗಾಜು ಮತ್ತು ಕಾಗದವನ್ನು ಒಳ್ಳೆಯ ವಸ್ತುಗಳೆಂದು ಪಕ್ಕಕ್ಕಿಟ್ಟುಬಿಟ್ಟಿದ್ದೇವೆ. ಅವುಗಳ ಬಗ್ಗೆಯೇ ಚರ್ಚೆಯಾಗಲಿ ಎಂಬುದು ನನ್ನ ಆಸೆ.

ಮೊದಲಿಗೆ ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಬಾಟಲಿಯನ್ನು ತೊಳೆದು ಮತ್ತೆ ತುಂಬುವುದನ್ನೂ, ಅದನ್ನು ಒಡೆದು ಕುಲುಮೆಯಲ್ಲಿ ಕರಗಿಸುವುದನ್ನೂ ನಮ್ಮ ಪತ್ರಿಕೆಗಳು ಮರುಬಳಕೆ ಎಂದೇ ಬರೆಯುತ್ತವೆ. ನಾನು ಇಲ್ಲಿ ಮೊದಲನೆಯದನ್ನು ಮರುಬಳಕೆ ಎಂದೂ ಎರಡನೆಯದನ್ನು ಮರುಸಂಸ್ಕರಣೆ ಎಂದೂ ಕರೆಯುತ್ತೇನೆ. ಈ ವ್ಯತ್ಯಾಸ ಕೇವಲ ಶಬ್ದದ್ದಲ್ಲ, ನನ್ನ ಆತಂಕವೆಲ್ಲ ಇದರಲ್ಲಿಯೇ ಇದೆ.

ತಯಾರಕರ ಹೊಣೆ ಎಂಬ ಕಲ್ಪನೆ ಹೊಸದೇನಲ್ಲ. ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ ಇದಕ್ಕೆ ಹೆಸರು ಕೊಟ್ಟರು, ಮರುವರ್ಷವೇ ಜರ್ಮನಿ ಪ್ಯಾಕೇಜಿಂಗ್ ಕಾನೂನು ತಂದಿತು. ನಮ್ಮಲ್ಲಿಯೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ 17ನೇ ನಿಯಮವು ಗಾಜಿನ ಹೆಸರನ್ನು ಎತ್ತಿಯೇ ಮಾತನಾಡಿತ್ತು. ತಗಡು, ಗಾಜು, ಪ್ಲಾಸ್ಟಿಕ್ ಮುಂತಾದ ಬಳಸಿ ಎಸೆಯುವ ವಸ್ತುಗಳ ತಯಾರಕರೂ ಬ್ರ್ಯಾಂಡ್ ಮಾಲೀಕರೂ ಕಸ ನಿರ್ವಹಣೆಯ ವ್ಯವಸ್ಥೆ ಕಟ್ಟಲು ಸ್ಥಳೀಯ ಸಂಸ್ಥೆಗಳಿಗೆ ಹಣಕಾಸಿನ ನೆರವು ನೀಡಬೇಕು ಎಂದು ಅದು ಹೇಳಿತ್ತು. ಎಷ್ಟು ನೆರವು, ಯಾವಾಗ, ಕೊಡದಿದ್ದರೆ ಏನು ಎಂಬುದನ್ನು ಮಾತ್ರ ಹೇಳಲಿಲ್ಲ. ಹಾಗಾಗಿ ಆ ವಾಕ್ಯ ಪುಸ್ತಕದಲ್ಲಿಯೇ ಉಳಿಯಿತು. ಹೊಸ ಕರಡು ನೋಂದಣಿ, ವರ್ಷಕ್ಕೆ ಇಷ್ಟು ಸಂಸ್ಕರಿಸಬೇಕೆಂಬ ಗುರಿ, ಲೆಕ್ಕಪತ್ರ ಎಲ್ಲವನ್ನೂ ತರುವುದರಿಂದ ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಲೆಕ್ಕವೆಲ್ಲ ಪ್ರಮಾಣಪತ್ರದ ಮೇಲೆ ನಿಂತಾಗ ಏನಾಗಬಹುದೆಂದು ಪ್ಲಾಸ್ಟಿಕ್ಕಿನಲ್ಲಿ ಈಗಾಗಲೇ ನೋಡಿದ್ದೇವೆ. 2022ರ ಫೆಬ್ರುವರಿಯಲ್ಲಿ ಬಂದ ಮಾರ್ಗಸೂಚಿಯಂತೆ, ಸಂಸ್ಕರಣಾ ಘಟಕವು ತಾನು ಇಷ್ಟು ಟನ್ ಸಂಸ್ಕರಿಸಿದೆನೆಂದು ಪ್ರಮಾಣಪತ್ರ ಸೃಷ್ಟಿಸುತ್ತದೆ, ಕಂಪನಿಗಳು ಅದನ್ನು ಕೊಂಡು ತಮ್ಮ ಗುರಿ ಮುಟ್ಟುತ್ತವೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಅವನ್ನು ಸೃಷ್ಟಿಸಿದ ಘಟಕಗಳಿದ್ದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ವಂಚನೆಯನ್ನು ತಪಾಸಣೆಯಿಂದ ತಡೆಯಬಹುದೇನೋ. ಆದರೆ ಪ್ರಾಮಾಣಿಕವಾಗಿ ನಡೆದರೂ ಆ ಪ್ರಮಾಣಪತ್ರ ಹುಟ್ಟುವುದು ಸಂಸ್ಕರಣಾ ಘಟಕದ ಬಾಗಿಲಲ್ಲಿ. ಮನೆ ಬಾಗಿಲಿನಿಂದ ಆ ಬಾಗಿಲಿನವರೆಗೆ ವಸ್ತುವನ್ನು ಹೊತ್ತು ತಂದವರಿಗೆ ಅದರಲ್ಲಿ ಪಾಲಿಲ್ಲ.

ಗಾಜಿನಲ್ಲಿ ಇನ್ನೊಂದು ತೊಡಕಿದೆ. ಬಿಯರ್ ಬಾಟಲಿಯೊಂದು ಅರ್ಧ ಕಿಲೊ ಹತ್ತಿರ ತೂಗುತ್ತದೆ. ನಮ್ಮ ಗುಜರಿಯವರು ಅದನ್ನು ಇಡಿಯಾಗಿ ಕೊಂಡು, ಗೋಣಿಯಲ್ಲಿ ತುಂಬಿ, ವಿಂಗಡಿಸುವವರಿಗೆ ಮಾರಿ, ಅಲ್ಲಿಂದ ಅದು ಮತ್ತೆ ಬ್ರೂವರಿಗೆ ಹೋಗಿ, ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆಯಲ್ಪಟ್ಟು ಮತ್ತೆ ಅಂಗಡಿಗೆ ಬರುವ ಒಂದು ಸರಪಣಿ ದಶಕಗಳಿಂದ ಯಾರ ಕಾನೂನೂ ಇಲ್ಲದೆ ನಡೆಯುತ್ತಿದೆ. ಗೋಲಿ ಸೋಡಾದ ಬಾಟಲಿಯನ್ನು ಅಂಗಡಿಯಲ್ಲಿಯೇ ಕುಡಿದು ಹಿಂದಿರುಗಿಸಿ ಬೆಳೆದವರು ನಾವು. ನಾಳೆ ಒಡೆದ ಗಾಜಿನ ಟನ್ನಿಗೆ ಪ್ರಮಾಣಪತ್ರದ ಬೆಲೆ ಬಂದು, ತೊಳೆದ ಬಾಟಲಿಗೆ ಏನೂ ಬಾರದಿದ್ದರೆ, ಇಡೀ ಬಾಟಲಿಯನ್ನು ಒಡೆಯುವುದೇ ಲಾಭವಾಗುತ್ತದೆ. ಒಳ್ಳೆಯ ಉದ್ದೇಶದ ನಿಯಮವೊಂದು ಇರುವ ಒಳ್ಳೆಯ ವ್ಯವಸ್ಥೆಯನ್ನೇ ಮುರಿಯಬಾರದಲ್ಲವೇ? ಈ ಕೆಲಸಗಳಲ್ಲಿ ಇರುವವರು ದಯವಿಟ್ಟು ಬರೆಯಿರಿ.

ನಂಜನಗೂಡಿನಿಂದ, ನಿವೃತ್ತ ಕಾಗದ ಕಾರ್ಖಾನೆ ನೌಕರ

ರದ್ದಿಯಿಂದ ಕ್ರಾಫ್ಟ್ ಕಾಗದ ಮಾಡುವ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಪಲ್ಪಿಂಗ್ ವಿಭಾಗದಲ್ಲಿದ್ದೆ, ಅಂದರೆ ರದ್ದಿಯನ್ನು ನೀರಿನಲ್ಲಿ ಕಲಕಿ ತಿರುಳು ಮಾಡುವ ಕಡೆ. ತಾವು ಗಾಜಿನ ಬಗ್ಗೆ ಬರೆದದ್ದು ಸರಿ, ಆದರೆ ಕಾಗದದ ಕಥೆ ಬೇರೆ. ಅದನ್ನು ತೊಳೆದು ಮತ್ತೆ ಬಳಸುವಂತಿಲ್ಲ. ಒಂದು ನಾರು ಐದರಿಂದ ಏಳು ಬಾರಿ ತಿರುಳಾಗಬಲ್ಲದು. ಪ್ರತಿ ಸಲವೂ ಗಿಡ್ಡವಾಗುತ್ತ ಹೋಗಿ ಕೊನೆಗೆ ನೀರಿನೊಂದಿಗೆ ಹರಿದುಹೋಗುತ್ತದೆ. ಆದ್ದರಿಂದ ಎಲ್ಲಿಂದಲಾದರೂ ಹೊಸ, ಉದ್ದ ನಾರು ಸೇರುತ್ತಲೇ ಇರಬೇಕು. ಹೊರದೇಶದ ರದ್ದಿಯನ್ನು ನಮ್ಮ ಕಾರ್ಖಾನೆಗಳು ತರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ, ನಮ್ಮ ಮನೆಗಳ ರದ್ದಿ ಸ್ವಚ್ಛವಾಗಿ ಸಾಕಷ್ಟು ಸಿಗದಿರುವುದು ಇನ್ನೊಂದು.

ಮೂರು ದಶಕದ ಅನುಭವದಲ್ಲಿ ನನಗೆ ಅತಿ ಹೆಚ್ಚು ತೊಂದರೆ ಕೊಟ್ಟ ವಸ್ತು ಯಾವುದೆಂದು ಕೇಳಿದರೆ, ಗಾಜಿನ ಚೂರು ಎಂದು ಹೇಳುತ್ತೇನೆ. ಒಂದೇ ಲಾರಿಯಲ್ಲಿ ಬಾಟಲಿಯನ್ನೂ ರಟ್ಟನ್ನೂ ಒತ್ತಿ ತುಂಬಿದರೆ ಬಾಟಲಿ ಒಡೆದು ಅದರ ಪುಡಿ ರಟ್ಟಿನ ಅಲೆಗಳ ಒಳಗೆ ಸೇರುತ್ತದೆ. ಹೈಡ್ರಾಪಲ್ಪರಿನಲ್ಲಿ ತಿರುಳು ಮಾಡುವಾಗ ದಪ್ಪ ಚೂರು ಕೆಳಗೆ ಕೂರುತ್ತದೆ. ಮರಳಿನಷ್ಟು ಸಣ್ಣದು ತಿರುಳಿನೊಂದಿಗೆ ಮುಂದೆ ಸಾಗಿ ಪಂಪಿನ ಒಳಮೈಯನ್ನೂ ಜರಡಿಯನ್ನೂ ಸವೆಸುತ್ತದೆ. ಅತ್ತ ಕಾಗದದ ತುಣುಕು ಮತ್ತು ಮುಚ್ಚಳ ಅಂಟಿದ ಗಾಜನ್ನು ಗಾಜಿನ ಕುಲುಮೆಯವರೂ ಇಷ್ಟಪಡುವುದಿಲ್ಲ. ಒಂದೇ ನಿಯಮಾವಳಿಯಲ್ಲಿ ಎರಡನ್ನೂ ತಂದಿರುವಾಗ, ಇವೆರಡನ್ನೂ ಬೇರೆ ಬೇರೆ ಚೀಲದಲ್ಲಿ ಸಂಗ್ರಹಿಸಬೇಕೆಂಬ ಸಣ್ಣ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಅಂಚುಗಳು ರಾಶಿ ರಾಶಿ ಬೀಳುತ್ತವೆ. ಅವು ಒಣಗಿದ್ದು, ಸ್ವಚ್ಛವಾಗಿದ್ದು, ಅಂಟುಪಟ್ಟಿ ಇಲ್ಲದವು. ಯಾವ ಕಾನೂನೂ ಇಲ್ಲದೆ ಎಂದಿನಿಂದಲೂ ಕಾಗದ ಕಾರ್ಖಾನೆಗೆ ವಾಪಸು ಬರುತ್ತಿವೆ. ಆ ಅಂಚುಗಳ ತೂಕಕ್ಕೂ ಪ್ರಮಾಣಪತ್ರ ಸಿಗುವಂತಾದರೆ ಗುರಿ ಸುಲಭವಾಗಿ ಮುಟ್ಟಿದಂತೆ ಕಾಣುತ್ತದೆ, ಆದರೆ ಮನೆಯಿಂದ ಒಂದು ಕಿಲೊ ರದ್ದಿಯೂ ಹೆಚ್ಚಾಗಿ ಬಂದಿರುವುದಿಲ್ಲ. ಗ್ರಾಹಕರ ಕೈ ದಾಟಿ ಬಂದ ವಸ್ತುವನ್ನು ಮಾತ್ರ ಎಣಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಟೆಟ್ರಾ ಪ್ಯಾಕನ್ನು ಕಾಗದವೆಂದು ಕರೆಯುವವರಿಗೂ ಒಂದು ಮಾತು: ಅದರ ತೂಕದ ಮುಕ್ಕಾಲು ಪಾಲಿನಷ್ಟು ರಟ್ಟು, ಉಳಿದದ್ದು ಪಾಲಿಥೀನ್ ಮತ್ತು ಅಲ್ಯುಮಿನಿಯಂ. ಬೇರ್ಪಡಿಸುವ ಯಂತ್ರವಿರುವ ಕಾರ್ಖಾನೆಗೆ ಅದು ಒಳ್ಳೆಯ ನಾರು. ಯಂತ್ರವಿಲ್ಲದವರಿಗೆ ಬರೀ ಕಸ.

ಒಣಕಸ ಸಂಗ್ರಹಣಾ ಕೇಂದ್ರ ನಡೆಸುವವಳು, ಬೆಂಗಳೂರು

ನಾನು ಚಿಂದಿ ಆಯುವ ಕುಟುಂಬದಲ್ಲಿ ಹುಟ್ಟಿದವಳು. 2011ರಲ್ಲಿ ಪಾಲಿಕೆ ನಮ್ಮವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿದಾಗ ನಮ್ಮ ಕೆಲಸಕ್ಕೆ ಮೊದಲ ಬಾರಿಗೆ ಒಂದು ಹೆಸರು ಸಿಕ್ಕಿತು. ಈಗ ಒಂದು ವಾರ್ಡಿನ ಒಣಕಸ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದೇನೆ. ಮೇಲಿನ ಇಬ್ಬರೂ ಹೇಳಿದ್ದನ್ನು ನೆಲದ ಮೇಲೆ ನಿಂತು ಹೇಳುತ್ತೇನೆ.

ನಮ್ಮ ಕೇಂದ್ರಕ್ಕೆ ಬರುವ ಗಾಜಿನಲ್ಲಿ ಮೂರು ಬಗೆ. ಇಡೀ ಬಿಯರ್ ಬಾಟಲಿ ನಮ್ಮವರೆಗೆ ಬರುವುದೇ ಕಡಿಮೆ, ದಾರಿಯಲ್ಲಿಯೇ ಅದಕ್ಕೆ ಕೊಳ್ಳುವವರಿದ್ದಾರೆ. ಎರಡನೆಯದು ಜಾಮ್, ಸಾಸ್, ಉಪ್ಪಿನಕಾಯಿ, ಕಾಫಿ ಪುಡಿಯ ಜಾಡಿಗಳು ಮತ್ತು ವಿದೇಶಿ ಮದ್ಯದ ವಿಚಿತ್ರ ಆಕಾರದ ಬಾಟಲಿಗಳು. ಇವು ಇಡಿಯಾಗಿದ್ದರೂ ಮತ್ತೆ ತುಂಬುವವರಿಲ್ಲ. ಮೂರನೆಯದು ಒಡೆದ ಗಾಜು, ಅದರಲ್ಲಿ ಕಿಟಕಿಯ ಗಾಜು, ಕನ್ನಡಿ, ಪಿಂಗಾಣಿ ಬಟ್ಟಲು, ಟ್ಯೂಬ್‌ಲೈಟಿನ ಚೂರು ಎಲ್ಲವೂ ಬೆರೆತಿರುತ್ತವೆ. ಪಿಂಗಾಣಿ ಕುಲುಮೆಯಲ್ಲಿ ಕರಗದೆ ಕಲ್ಲಾಗಿ ಉಳಿಯುತ್ತದೆಂದು ಗಾಜಿನವರು ಇಡೀ ಲೋಡನ್ನೇ ತಿರಸ್ಕರಿಸುತ್ತಾರೆ. ಬಿಳಿ, ಕಂದು, ಹಸಿರು ಎಂದು ಬಣ್ಣ ಬೇರ್ಪಡಿಸಿದರೆ ಮಾತ್ರ ಬೆಲೆ, ಮತ್ತು ಆ ಕೆಲಸ ಕೈಯಿಂದಲೇ ಆಗಬೇಕು.

ಒಂದು ವರ್ಷದ ಹಿಂದೆ ಲಾರಿ ಬಾಡಿಗೆ ಕಟ್ಟಿ ಒಡೆದ ಗಾಜು ಕಳಿಸಿದೆ. ಬಂದ ಹಣ ಬಾಡಿಗೆಗೆ ಸಾಲಲಿಲ್ಲ. ಅದನ್ನು ತುಂಬುವಾಗ ನಮ್ಮ ಹುಡುಗಿಯೊಬ್ಬಳ ಅಂಗೈ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಆಮೇಲೆ ನಾನು ಗಾಜನ್ನು ಮೂಲೆಯಲ್ಲಿ ಕೂಡಿಡುತ್ತಿದ್ದೇನೆ, ಕಳಿಸುವ ಧೈರ್ಯವಾಗುತ್ತಿಲ್ಲ. ಬಾಟಲಿಗೆ ತನ್ನ ಹೆಸರನ್ನು ಉಬ್ಬಿಸಿ ಅಚ್ಚು ಹಾಕಿಸುವ ಕಂಪನಿಗೆ ಆ ಬಾಟಲಿ ನನ್ನ ಅಂಗಳದಲ್ಲಿದೆ ಎಂಬುದು ಗೊತ್ತಿಲ್ಲ. ಹೊಣೆ ಎಂದರೆ ಆ ಲಾರಿಯ ಬಾಡಿಗೆ, ದಪ್ಪ ಕೈಗವಸು, ಬಣ್ಣ ಬೇರ್ಪಡಿಸುವವರ ದಿನಗೂಲಿ. ಇವು ಮೂರೂ ನಿಯಮದಲ್ಲಿ ಬರಬೇಕು.

ಕಾಗದದ ವಿಷಯದಲ್ಲಿ ನಮ್ಮ ಸಂಕಟ ಮಳೆಗಾಲ. ಆನ್‌ಲೈನ್ ಅಂಗಡಿಗಳ ರಟ್ಟಿನ ಪೆಟ್ಟಿಗೆಗಳು ನೆನೆದು ಬಂದರೆ ಕಾರ್ಖಾನೆಯವರು ತೇವಾಂಶಕ್ಕೆಂದು ತೂಕ ಕಡಿಯುತ್ತಾರೆ. ಕೇಂದ್ರಕ್ಕೆ ಸೋರದ ಮಾಡು ಇದ್ದರೆ ಅದೇ ರಟ್ಟಿಗೆ ಪೂರ್ತಿ ಬೆಲೆ ಸಿಗುತ್ತದೆ.

ಹುಬ್ಬಳ್ಳಿಯ ಸಗಟು ವ್ಯಾಪಾರಿ

ನನ್ನ ಪ್ರಶ್ನೆ ಚಿಕ್ಕದು. ಕಂಪನಿಗಳ ಮೇಲೆ ಹಾಕಿದ ವೆಚ್ಚವೆಲ್ಲ ಕೊನೆಗೆ ಬೆಲೆಯಲ್ಲಿ ಸೇರಿ ಗ್ರಾಹಕನ ತಲೆಯ ಮೇಲೆಯೇ ಬರುತ್ತದೆ. ಹಾಗಿದ್ದರೆ ತೆರಿಗೆಯಿಂದ ಪಾಲಿಕೆ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬಸವನಗುಡಿಯ ಓದುಗ

ವ್ಯತ್ಯಾಸವಿದೆ ಎಂದು ನಂಬುತ್ತೇನೆ. ತೆರಿಗೆಯಿಂದಾದರೆ ಏನನ್ನೂ ಕೊಳ್ಳದವನೂ ಕೊಡುತ್ತಾನೆ, ಜೊತೆಗೆ ಸುಲಭವಾಗಿ ಸಂಸ್ಕರಿಸಬಹುದಾದ ಪೊಟ್ಟಣ ಮಾಡಿದವನಿಗೂ ಮಾಡಲಾಗದ ಪೊಟ್ಟಣ ಮಾಡಿದವನಿಗೂ ಖರ್ಚು ಒಂದೇ ಆಗುತ್ತದೆ. ಬೆಲೆಯಲ್ಲಿ ಸೇರಿದರೆ ತನ್ನ ಪೊಟ್ಟಣವನ್ನು ಬದಲಿಸಿದ ಕಂಪನಿಗೆ ಲಾಭವಾಗುತ್ತದೆ. ಆದರೆ ತಮ್ಮ ಪ್ರಶ್ನೆಯ ಒಳಗಿನ ಎಚ್ಚರಿಕೆಯನ್ನು ಒಪ್ಪುತ್ತೇನೆ: ಗ್ರಾಹಕನಿಂದ ಹಣ ಪಡೆದು, ಅದು ಪಾಲಿಕೆಗೂ ತಲುಪದೆ ಕೆಲಸಗಾರರಿಗೂ ತಲುಪದೆ ಪ್ರಮಾಣಪತ್ರದ ಮಾರುಕಟ್ಟೆಯಲ್ಲಿಯೇ ಸುತ್ತುತ್ತಿದ್ದರೆ ಅದು ತೆರಿಗೆಗಿಂತ ಕೆಟ್ಟದ್ದು.

ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬ ಕನ್ನಡಿಗ

ಇಲ್ಲಿ ಪ್ಯಾಕೇಜಿಂಗ್ ಸರಬರಾಜಿನ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ನೀವು ಚರ್ಚಿಸುತ್ತಿರುವ ಎರಡೂ ದಾರಿಗಳನ್ನು ಬ್ರಿಟನ್ ತುಳಿದು ನೋಡಿದೆ, ಆದ್ದರಿಂದ ಬರೆಯಬೇಕೆನಿಸಿತು.

1997ರಿಂದ ಇಲ್ಲಿಯೂ ಪ್ರಮಾಣಪತ್ರದ ಪದ್ಧತಿ ಇದೆ. ಸಂಸ್ಕರಣಾ ಘಟಕಗಳು ಕೊಡುವ ಪತ್ರಗಳನ್ನು ಕಂಪನಿಗಳು ಕೊಳ್ಳುತ್ತಿದ್ದವು, ಮನೆಮನೆಯಿಂದ ಸಂಗ್ರಹಿಸುವ ವೆಚ್ಚದ ಬಹುಪಾಲು ಮಾತ್ರ ಸ್ಥಳೀಯ ಆಡಳಿತದ ಮೇಲೆಯೇ ಉಳಿದಿತ್ತು. ಅದರಿಂದ ಕಲಿಯಬೇಕಾದ ಒಂದು ಒಳ್ಳೆಯ ಅಂಶವೂ ಇದೆ: ಕರಗಿಸಿ ಮತ್ತೆ ಗಾಜಾದ ಗಾಜಿಗೂ, ಪುಡಿಯಾಗಿ ರಸ್ತೆ ಕಾಮಗಾರಿಗೆ ಹೋದ ಗಾಜಿಗೂ ಇಲ್ಲಿ ಬೇರೆ ಬೇರೆ ಲೆಕ್ಕವಿದೆ, ಕರಗಿಸುವುದಕ್ಕೆ ಪ್ರತ್ಯೇಕ ಗುರಿಯಿದೆ. ಕುಲುಮೆಗೆ ಹಾಕುವ ಮಿಶ್ರಣದಲ್ಲಿ ಹಳೆಯ ಗಾಜಿನ ಪಾಲು ಶೇ 10ರಷ್ಟು ಹೆಚ್ಚಿದರೆ ಇಂಧನ ಸುಮಾರು ಶೇ 2.5ರಿಂದ 3ರಷ್ಟು ಉಳಿಯುತ್ತದೆ. ಹೊಸ ಗಾಜಿಗೆ ಹಾಕುವ ಸುಣ್ಣಕಲ್ಲು ಮತ್ತು ಸೋಡಾ ಬೂದಿಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಕೂಡ ತಪ್ಪುತ್ತದೆ. ರಸ್ತೆಗೆ ಸುರಿದರೆ ಈ ಲಾಭ ಯಾವುದೂ ಇಲ್ಲ.

2025ರಿಂದ ಹೊಸ ಪದ್ಧತಿಯಲ್ಲಿ ಕಂಪನಿಗಳು ಶುಲ್ಕ ಕಟ್ಟುತ್ತವೆ, ಆ ಹಣ ಸಂಗ್ರಹಣೆಯ ವೆಚ್ಚಕ್ಕಾಗಿ ಸ್ಥಳೀಯ ಆಡಳಿತಗಳಿಗೆ ಹೋಗುತ್ತದೆ. ಒಣಕಸ ಕೇಂದ್ರದ ಸಹೋದರಿ ಕೇಳುತ್ತಿರುವುದು ಇದನ್ನೇ. ಆದರೆ ಶುಲ್ಕ ತೂಕದ ಮೇಲಿದೆ. ಮೊದಲ ವರ್ಷಕ್ಕೆ ಟನ್ ಒಂದಕ್ಕೆ ಗಾಜಿಗೆ 192 ಪೌಂಡ್, ಕಾಗದ ಮತ್ತು ರಟ್ಟಿಗೆ 196, ಪ್ಲಾಸ್ಟಿಕ್ಕಿಗೆ 423. ಮೇಲ್ನೋಟಕ್ಕೆ ಗಾಜಿಗೆ ಕಡಿಮೆ. ಈಗ ಲೆಕ್ಕ ಹಾಕಿ ನೋಡಿ: 250 ಗ್ರಾಂ ತೂಗುವ ಗಾಜಿನ ಸಾಸ್ ಬಾಟಲಿಗೆ 4.8 ಪೆನ್ಸ್ ಬೀಳುತ್ತದೆ, ಅಷ್ಟೇ ಸಾಸ್ ಹಿಡಿಯುವ 30 ಗ್ರಾಂ ಪ್ಲಾಸ್ಟಿಕ್ ಬಾಟಲಿಗೆ 1.3 ಪೆನ್ಸ್ ಕೂಡ ಆಗುವುದಿಲ್ಲ. ಟನ್ನಿನ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿಗೇ ಹೆಚ್ಚಿರುವ ಶುಲ್ಕ ಕೊನೆಗೆ ಅದರ ಕಡೆಗೇ ತಳ್ಳುವಂತಾಗಿದೆ. ಇಲ್ಲಿನ ಗಾಜಿನ ಉದ್ಯಮದ ದೊಡ್ಡ ದೂರು ಇದೇ, ಮತ್ತು ಅದರಲ್ಲಿ ನ್ಯಾಯವಿದೆ ಎಂದು ನಾನು ಭಾವಿಸುತ್ತೇನೆ. ಇಂಗ್ಲೆಂಡಿನಲ್ಲಿ 2027ರ ಅಕ್ಟೋಬರ್‌ಗೆ ಬರಬೇಕಿರುವ ಠೇವಣಿ ಯೋಜನೆಯಲ್ಲಿಯೂ (ಕೊಳ್ಳುವಾಗ ಕಟ್ಟಿದ ಹಣವನ್ನು ಖಾಲಿ ಬಾಟಲಿ ತಂದಾಗ ಹಿಂದಿರುಗಿಸುವ ಯೋಜನೆ) ಗಾಜಿನ ಬಾಟಲಿಗೆ ಜಾಗವಿಲ್ಲ.

ಭಾರತದ ನಿಯಮ ತೂಕವನ್ನು ಮಾತ್ರ ನೋಡದೆ, ಎಷ್ಟು ಸಲ ತುಂಬಿದ ಬಾಟಲಿ ಎಂಬುದನ್ನೂ ನೋಡಲಿ. ಜರ್ಮನಿಯ ಗಾಜಿನ ಬಾಟಲಿಗಳು 50 ಬಾರಿಯವರೆಗೂ ತುಂಬಲ್ಪಡುತ್ತವೆ. ಅಲ್ಲಿ ಸಾಮಾನ್ಯ ಬಿಯರ್ ಬಾಟಲಿಗೆ 8 ಸೆಂಟ್ ಠೇವಣಿ, ಒಮ್ಮೆ ಬಳಸಿ ಎಸೆಯುವ ಬಾಟಲಿ ಮತ್ತು ಡಬ್ಬಿಗೆ 25 ಸೆಂಟ್. ಹಾಗಿದ್ದರೂ ಪಾನೀಯಗಳಲ್ಲಿ ಶೇ 70 ಮರುಬಳಕೆ ಎಂಬ ಕಾನೂನಿನ ಗುರಿಗಿಂತ ಆ ದೇಶ ಬಹಳ ಕೆಳಗಿದೆ.

ಶಿರಸಿಯಿಂದ, ಉಪ್ಪಿನಕಾಯಿ ಮಾಡುವವಳು

ನಾವು ನಾಲ್ಕೈದು ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಉಪ್ಪು, ಹುಳಿಗೆ ಗಾಜೇ ಸರಿ ಎಂದು ಮೊದಲಿನಿಂದ ಗಾಜಿನ ಜಾಡಿಯನ್ನೇ ಬಳಸಿದೆವು. ಖಾಲಿ ಜಾಡಿ ವಾಪಸು ಕೊಟ್ಟವರಿಗೆ ಮುಂದಿನ ಖರೀದಿಯಲ್ಲಿ ರಿಯಾಯಿತಿ ಎಂದು ಒಂದು ವರ್ಷ ಪ್ರಯತ್ನಿಸಿದೆವು. ಶಿರಸಿ, ಸಿದ್ದಾಪುರದ ಗಿರಾಕಿಗಳು ತಂದುಕೊಟ್ಟರು. ಬೆಂಗಳೂರಿಗೆ ಹೋದ ಜಾಡಿ ಒಂದೂ ಬರಲಿಲ್ಲ, ಬರುವುದಕ್ಕೆ ದಾರಿಯೂ ಇರಲಿಲ್ಲ. ಬಂದ ಜಾಡಿಗಳಲ್ಲಿ ಬೇರೆಯವರದೂ ಬೆರೆತಿದ್ದವು. ನೋಡಲು ಒಂದೇ ಥರ, ಆದರೆ ಒಂದರ ಬಾಯಿ 53 ಮಿಲಿಮೀಟರ್, ಇನ್ನೊಂದರದ್ದು 63. ನಮ್ಮ ಮುಚ್ಚಳ ಕೂರುವುದಿಲ್ಲ. ಎಣ್ಣೆಯ ಜಿಡ್ಡು ಬಿಸಿನೀರಿಗೆ ಹೋಗುತ್ತದೆ, ಲೇಬಲ್ಲಿನ ಅಂಟು ಹೋಗುವುದಿಲ್ಲ.

ಬಿಯರ್ ಬಾಟಲಿ ತಿರುಗುತ್ತಿರುವುದು ಅದರ ಆಕಾರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಎಂದು ನನಗೆ ಆಗ ಅರ್ಥವಾಯಿತು. ಉಪ್ಪಿನಕಾಯಿ, ಜೇನು, ಜಾಮಿಗೆ ರಾಜ್ಯದಲ್ಲಿ ಎರಡೋ ಮೂರೋ ಅಳತೆಯ ಜಾಡಿ, ಒಂದೇ ಬಾಯಿ, ನೀರಿಗೆ ಬಿಡುವ ಅಂಟು ಎಂದು ಗೊತ್ತುಮಾಡಿದರೆ, ಶಿರಸಿಯ ಜಾಡಿ ಬೆಂಗಳೂರಿನಲ್ಲಿಯೇ ತೊಳೆಯಲ್ಪಟ್ಟು ಅಲ್ಲಿನ ಇನ್ನೊಬ್ಬರ ಕೈ ಸೇರಬಹುದು, ನಮಗೆ ಕೊಡಗಿನ ಜೇನಿನ ಜಾಡಿ ಬರಬಹುದು. ನಮ್ಮಂಥವರಿಗೆ ನೋಂದಣಿ, ವಾರ್ಷಿಕ ಲೆಕ್ಕ, ಪ್ರಮಾಣಪತ್ರ ಖರೀದಿ ಎಂದರೆ ಆಗದ ಮಾತು. ಹೊಸ ಖರ್ಚಿನ ಭಯಕ್ಕೆ ಪಕ್ಕದ ಊರಿನ ಗುಂಪೊಂದು ಈಗಾಗಲೇ ಪ್ಲಾಸ್ಟಿಕ್ ಪೌಚಿಗೆ ಹೋಗಿದೆ. ನಾವೂ ಹೋಗುತ್ತೇವೇನೋ ಎಂಬ ಬೇಸರದಿಂದ ಇದನ್ನು ಬರೆಯುತ್ತಿದ್ದೇನೆ.

ಗುಂಡ್ಲುಪೇಟೆಯ ಓದುಗ

ನಮ್ಮ ಊರಿನಿಂದ ಬಂಡೀಪುರ ದಾಟಿದರೆ ನೀಲಗಿರಿ. ಅಲ್ಲಿ ಕಾಡಿನಂಚಿನಲ್ಲಿ ಎಸೆದ ಮದ್ಯದ ಬಾಟಲಿಗಳು ಒಡೆದು ಆನೆಗಳ ಕಾಲಿಗೆ ಗಾಯವಾಗುತ್ತಿರುವ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂದು, 2022ರಲ್ಲಿ ನ್ಯಾಯಾಲಯದ ನಿರ್ದೇಶನದಂತೆ ತಮಿಳುನಾಡು ಸರ್ಕಾರದ ಟಾಸ್ಮ್ಯಾಕ್ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂದಿರುಗಿಸಲು ಆರಂಭಿಸಿದವು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿಗಳು ವಾಪಸು ಬಂದವು. ಆ ಮೇಲೆ ಯೋಜನೆ ಬೇರೆ ಜಿಲ್ಲೆಗಳಿಗೂ ಹೋಯಿತು. 2025ರಲ್ಲಿ ಕೇರಳವೂ ತಿರುವನಂತಪುರ ಮತ್ತು ಕಣ್ಣೂರಿನಲ್ಲಿ 20 ರೂಪಾಯಿಯ ಠೇವಣಿಯನ್ನು ಪ್ರಾಯೋಗಿಕವಾಗಿ ತಂದಿತು.

ನಮ್ಮಲ್ಲಿ ಚಿಲ್ಲರೆ ಮಾರಾಟ ಬಹುಪಾಲು ಖಾಸಗಿ ಸನ್ನದುದಾರರ ಕೈಯಲ್ಲಿದೆ, ಹಾಗಾಗಿ ಆಗದು ಎನ್ನುವವರಿದ್ದಾರೆ. ಆದರೆ ಸಗಟು ಮಾರಾಟವೆಲ್ಲ ರಾಜ್ಯ ಪಾನೀಯ ನಿಗಮದ ಮೂಲಕವೇ ಹಾದುಹೋಗುತ್ತದೆ. ಠೇವಣಿ ಕಟ್ಟಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ? ಅಗ್ಗದ ಮದ್ಯ ನಮ್ಮಲ್ಲಿ ಹೆಚ್ಚಾಗಿ ಬರುವುದು ಟೆಟ್ರಾ ಪ್ಯಾಕಿನಲ್ಲಿ. ಗಾಜಿಗೆ ಮಾತ್ರ ಠೇವಣಿ ಇಟ್ಟರೆ ಉಳಿದದ್ದೂ ಅದಕ್ಕೇ ಬದಲಾಗಬಹುದು. ಎರಡಕ್ಕೂ ಇಡಬೇಕು.

ಬಸವನಗುಡಿಯ ಓದುಗ

ಈ ಚರ್ಚೆ ಆರಂಭಿಸಿದಾಗ ನಾನು ಪ್ರಮಾಣಪತ್ರದ ನಿಯಮಗಳನ್ನು ಬಿಗಿಗೊಳಿಸಿದರೆ ಸಾಕು ಎಂದುಕೊಂಡಿದ್ದೆ. ಈಗ ಹಾಗೆನಿಸುತ್ತಿಲ್ಲ. ತುಂಬಿ ತಿರುಗಬಲ್ಲ ಬಾಟಲಿಗೆ ಠೇವಣಿಯೇ ಸರಿಯಾದ ದಾರಿ, ಏಕೆಂದರೆ ಅಲ್ಲಿ ಹಣ ಬಾಟಲಿ ಹಿಡಿದ ಕೈಗೇ ಸೇರುತ್ತದೆ. ಒಡೆದ ಗಾಜು ಮತ್ತು ರಟ್ಟಿಗೆ ಬೇಕಾದದ್ದು ಸಂಗ್ರಹಣೆಯ ವೆಚ್ಚ, ಅದು ಸಂಸ್ಕರಣಾ ಘಟಕಕ್ಕೆ ಹೋಗುವ ಮೊದಲು ಪಾಲಿಕೆಯ ಮೂಲಕ ಒಣಕಸ ಕೇಂದ್ರಕ್ಕೆ ಬರಬೇಕು. ಜಾಡಿಯ ಬಾಯಿಯ ಅಳತೆ ನನ್ನ ಯೋಚನೆಗೇ ಬಂದಿರಲಿಲ್ಲ. ಇವನ್ನೆಲ್ಲ ಸೇರಿಸಿ ಸಚಿವಾಲಯಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಪತ್ರ ಸಿದ್ಧಪಡಿಸುತ್ತೇನೆ, ಇಲ್ಲಿಯೇ ಹಾಕುತ್ತೇನೆ, ತಿದ್ದಿಕೊಡಿ.

ಪತ್ರಕ್ಕೆ ಅಂಕಿಗಳು ಬೇಕು. ಒಂದೇ ಒಂದು ವಾರ್ಡಿನಲ್ಲಿ ತಿಂಗಳಿಗೆ ಎಷ್ಟು ಗಾಜು ಬರುತ್ತದೆ, ಅದರಲ್ಲಿ ಇಡಿಯದ್ದೆಷ್ಟು, ಒಡೆದದ್ದೆಷ್ಟು, ಯಾವ ಬಣ್ಣದ್ದೆಷ್ಟು ಎಂದು ತೂಗಿದ ಲೆಕ್ಕವಿದ್ದರೆ ಪತ್ರಕ್ಕೆ ಬಲ ಬರುತ್ತದೆ. ಕೇಂದ್ರದ ಸಹೋದರಿಯವರು ಒಪ್ಪಿದರೆ ನಾವು ಕೆಲವರು ಬಂದು ಆ ಮೂಲೆಯ ರಾಶಿಯನ್ನು ಬೇರ್ಪಡಿಸಿ ತೂಗಿಕೊಡುತ್ತೇವೆ.

ಒಣಕಸ ಸಂಗ್ರಹಣಾ ಕೇಂದ್ರ ನಡೆಸುವವಳು, ಬೆಂಗಳೂರು

ಬನ್ನಿ. ಶನಿವಾರ ಮಧ್ಯಾಹ್ನ ಗಾಡಿಗಳು ಬಂದುಹೋದ ಮೇಲೆ ಜಾಗ ಖಾಲಿಯಿರುತ್ತದೆ. ನಾಲ್ಕು ಡ್ರಮ್ ಇಟ್ಟಿರುತ್ತೇನೆ, ಬಿಳಿ, ಕಂದು, ಹಸಿರಿಗೆ ಒಂದೊಂದು, ಪಿಂಗಾಣಿ ಮತ್ತು ಕನ್ನಡಿಗೆ ಒಂದು. ಟ್ಯೂಬ್‌ಲೈಟಿನ ಚೂರು ಮುಟ್ಟಬೇಡಿ, ಅದನ್ನು ನಾವೇ ತೆಗೆಯುತ್ತೇವೆ. ಚಪ್ಪಲಿಯಲ್ಲಿ ಬರಬೇಡಿ, ಬೂಟು ಹಾಕಿಕೊಂಡು ಬನ್ನಿ. ಕೈಗವಸು ನನ್ನಲ್ಲಿ ಮೂರೇ ಜೊತೆ ಇವೆ.